ಎಮ್ಮೆಗೆ ಹೇಳಲಾಗದ್ದು

ನಮ್ಮೂರಿನಲ್ಲಿ ಮನೆ ಕೊಳ್ಳುವವರು ಬಾವಿಯ ನೀರು ಸಿಹಿಯೋ ಉಪ್ಪೋ ಎಂದು ಕೇಳುವುದಿಲ್ಲ. ಬೀದಿಗೆ ಮುಖ ಮಾಡಿ ಬಾಗಿಲಲ್ಲಿ ನಿಂತು, ಬಲಗಡೆಯ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳುತ್ತಾರೆ. ನಾವು ಮರೆತದ್ದೆಲ್ಲ ಹೋಗಿ ಸೇರುವುದು ಆ ಮನೆಗೇ ತಾನೆ! ಎಡಗಡೆಯವರು ಹೇಗಾದರೂ ಇರಲಿ, ಅವರ ಮರೆವು ನಮಗೆ ಬರುತ್ತದೆ, ಹೊತ್ತುಕೊಂಡರಾಯಿತು. ನಮ್ಮ ಎಡಕ್ಕೆ ಅಂಚೆ ಬಸಪ್ಪಾಜಿ ಇದ್ದಾನೆ. ಅವನು ಛತ್ರಿ ಎಲ್ಲಿ ಬಿಟ್ಟನೆಂಬುದು, ನಾನು ಒಗ್ಗರಣೆ ಹಾಕುತ್ತಿರುವಾಗಲೇ ನನ್ನ ತಲೆಗೆ ಬಂದು ಬೀಳುತ್ತದೆ. ಸಾಸಿವೆ ಸೀದುಹೋದರೂ ಸರಿ, ಹೋಗಿ ಹೇಳಿ ಬರುತ್ತೇನೆ. ಇದಕ್ಕೆ ನಮ್ಮಲ್ಲಿ ಒಪ್ಪಿಸುವುದು ಎನ್ನುತ್ತಾರೆ. ದೀಪ ಹಚ್ಚುವುದರೊಳಗೆ ಒಪ್ಪಿಸಬೇಕು, ಒಪ್ಪಿಸಿಕೊಂಡವರು ಒಂದು ಚೂರು ಬೆಲ್ಲ ಕೊಡಬೇಕು. ಯಾರದೋ ಅವರ ಕಿವಿಗೇ ಹಾಕಿದರೆ ಅದು ಅವರಿಗೆ ವಾಪಸು ಹೋಗುತ್ತದೆ, ನಮ್ಮ ತಲೆ ಹಗುರವಾಗುತ್ತದೆ. ಬೇರೆಯವರಿಗೆ ಹೇಳಿದರೆ ಅದು ಬರೀ ಸುದ್ದಿ. ಇದರಲ್ಲಿ ಅತಿಶಯವೇನೂ ಇಲ್ಲ, ಅಜ್ಜಿ ಮುತ್ತಜ್ಜಿಯರ ಕಾಲದಿಂದಲೂ ಹೀಗೇ.

ನಮ್ಮ ಬಲಕ್ಕೆ ಇರುವವಳು ಚೆನ್ನಾಜಮ್ಮ. ನನಗೂ ಅವಳಿಗೂ ಮಾತಿರಲಿಲ್ಲ. ಮನೆಯ ಮುಂಭಾಗದಲ್ಲೇ ಇರುವ ನಮ್ಮ ಸೋಡಾ ಅಂಗಡಿಯ ಪೂಜೆಯ ದಿನ ನಾನೇ ಸೆರಗು ಕಟ್ಟಿ ನಿಂತು ಹೋಳಿಗೆ ಬೇಯಿಸಿದ್ದೆ. ಈ ಮಹಾತಾಯಿ ಪಂಕ್ತಿಯ ಮಧ್ಯೆ ಕೂತು, ಹೋಳಿಗೆಯನ್ನು ಎರಡು ಕೈಯಲ್ಲಿ ಹಿಡಿದು ಎಳೆದು ನೋಡಿ, "ನೀಲಾ, ಇದನ್ನ ತಿನ್ನಕ್ಕೆ ಬಡಿಸಿದ್ದೀಯೋ, ಚಪ್ಪಲಿ ಹೊಲಿಸ್ಕೊಳ್ಳಕ್ಕೆ ಕೊಟ್ಟಿದ್ದೀಯೋ?" ಅಂದಳು. ಇಡೀ ಪಂಕ್ತಿ ನಕ್ಕಿತು. ನಾನು ಬಿಡುವವಳೇ? "ಬಾಯಲ್ಲಿ ಹಲ್ಲಿದ್ದವರಿಗೆ ಮಾಡಿದ್ದು ತಾಯಿ, ಬೊಚ್ಚುಬಾಯಿಯವರು ಬರ್ತಾರೆ ಅಂತ ಗೊತ್ತಿರಲಿಲ್ಲ" ಅಂದೆ. ಅವಳು ಎಲೆಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. ನಮ್ಮ ಯಜಮಾನರು ಮಾತ್ರ, "ಇನ್ನೊಂದು ಹಾಕು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಹಾಕಿಸಿಕೊಂಡರು. ಅವತ್ತಿನಿಂದ ಆಕೆ ನನ್ನ ಹೊಸಿಲು ತುಳಿದಿಲ್ಲ, ನಾನು ಅವಳದು ತುಳಿದಿಲ್ಲ.

ಆದರೆ ಹೆಂಗಸು ನಿಯತ್ತಿನವಳು. ನಮ್ಮ ಮನೆಯ ಮರೆವು ಬಂದರೆ ಇಟ್ಟುಕೊಳ್ಳುತ್ತಿರಲಿಲ್ಲ. ಹಿತ್ತಿಲ ಗೋಡೆಯ ಆಚೆ ನಿಂತು ತನ್ನ ಎಮ್ಮೆಗೆ ಹೇಳುತ್ತಿದ್ದಳು. "ಕೇಳಿದ್ಯೇನೇ ಕರಿಯಕ್ಕ? ಪಕ್ಕದ ಮನೆಯವರ ಅಂಗಡಿ ಬೀಗದ ಕೈ ಅಕ್ಕಿ ಡಬ್ಬದಲ್ಲಿದೆಯಂತೆ." ನಾವು ಈಚೆಯಿಂದ ಕೇಳಿಸಿಕೊಳ್ಳುತ್ತಿದ್ದೆವು. ನಾನು ಗೋಡೆಯ ಮೇಲೆ ಬೆಲ್ಲದ ಚೂರು ಇಟ್ಟು ಒಳಗೆ ಬರುತ್ತಿದ್ದೆ. ಅವಳು ಅದನ್ನು ತಿನ್ನುತ್ತಿರಲಿಲ್ಲ, ಎಮ್ಮೆಗೆ ಹಾಕುತ್ತಿದ್ದಳು. ಮಾತು ಕೇಳಿದ್ದು ಅದೇ ತಾನೆ, ಕೂಲಿಯೂ ಅದಕ್ಕೇ.

ಯಜಮಾನರ ಹೆಸರನ್ನು ಹೆಂಡತಿ ಹೇಳಬಾರದು. ಊರೆಲ್ಲ ಸೋಡಾ ಪರಶಿವಯ್ಯ ಅನ್ನುತ್ತದೆ, ನಾನು ಊರಿನ ಮಾತು ಹೇಳಿದೆ ಅಷ್ಟೆ. ಅವರ ಗೋಲಿ ಸೋಡಾ ಕುಡಿಯಲು ಪೇಟೆಯ ಆ ತುದಿಯಿಂದ ಜನ ಬರುತ್ತಿದ್ದರು. ಹೆಬ್ಬೆರಳಿನಿಂದ ಗೋಲಿ ಒತ್ತಿದರೆಂದರೆ ಬೀದಿಯ ಹಸುಗಳು ತಿರುಗಿ ನೋಡಬೇಕು, ಹಾಗೆ ಸದ್ದು. ಅಂಥವರು ನಿಂಬೆ ಸೋಡಾಕ್ಕೆ ಉಪ್ಪು ಹಾಕಿದ್ದನ್ನು ಮರೆತು ಮತ್ತೆ ಮತ್ತೆ ಹಾಕತೊಡಗಿದರು. "ಕರಿಯಕ್ಕ, ಉಪ್ಪು ಆಗಲೇ ಬಿದ್ದಿದೆಯಂತೆ ಕಣೇ!" ಎಂದು ಗೋಡೆಯಾಚೆಯಿಂದ ಕೂಗು ಬರುವಷ್ಟರಲ್ಲಿ ಗಿರಾಕಿ ಮುಖ ಸಿಂಡರಿಸಿ ಬಾಟಲಿ ಕೆಳಗಿಟ್ಟಿರುತ್ತಿದ್ದ. ಮೊದಮೊದಲು ನಕ್ಕೆವು. ಆಮೇಲೆ ನಗು ನಿಂತಿತು. ಬೆಳಿಗ್ಗೆ ಎಮ್ಮೆಯ ಮೂಲಕ ಒಪ್ಪಿಸಿದ್ದು ಸಂಜೆಯೊಳಗೆ ಮತ್ತೆ ಆಕೆಯ ಮನೆಗೇ ಹೋಗಿಬಿಡುತ್ತಿತ್ತು. ಬೆಲ್ಲ ತಿಂದು ತಿಂದು ಎಮ್ಮೆ ದಪ್ಪಗಾಯಿತು. ಒಂದು ಮಧ್ಯಾಹ್ನ ನಾನು ಅನ್ನ ಬಡಿಸುತ್ತಿದ್ದಾಗ ನಮ್ಮವರು ತಲೆ ಎತ್ತಿ, "ನೀವು ಯಾರ ಕಡೆಯವರು ತಾಯಿ? ಸುಮ್ಮನೆ ನಿಮಗೆ ತೊಂದರೆ" ಅಂದರು. ಸೌಟು ಹಿಡಿದುಕೊಂಡೇ ಅಡಿಗೆಮನೆಗೆ ಹೋಗಿ ಅತ್ತೆ.

ಅತ್ತು ಮುಗಿದ ಮೇಲೆ ಹಿತ್ತಿಲಿಗೆ ಹೋಗಿ ಗೋಡೆಯ ಹತ್ತಿರ ನಿಂತೆ. ನಾನು ಅವರ ಹೆಂಡತಿ ಎನ್ನುವುದು ಅವರಿಗೆ ಮರೆತಿದ್ದರೆ ಅದು ಆಚೆ ಬಂದಿರಲೇಬೇಕು. ನಮ್ಮ ಮದುವೆ, ಹೊಸ ಸಂಸಾರ, ಹಬ್ಬ, ಜಗಳ, ಎಲ್ಲವೂ. ನಮಗೆ ಮಕ್ಕಳಾಗಲಿಲ್ಲ. ನಮ್ಮ ಸಂಸಾರಕ್ಕೆ ಇದ್ದ ಸಾಕ್ಷಿಗಳು ನಾವಿಬ್ಬರೇ, ಅದರಲ್ಲೂ ಅರ್ಧ ಸಾಕ್ಷಿ ಈಗ ಆ ಬೊಚ್ಚುಬಾಯಿಯವಳ ತಲೆಯಲ್ಲಿ! ಎಮ್ಮೆಗೆ ಹೇಳುತ್ತಾಳೆಂದು ಕಾದೆ. ಹುಲ್ಲು ಹಾಕಿದಳು, ಹಾಲು ಕರೆದಳು, ಒಳಗೆ ಹೋದಳು. ಮರುದಿನವೂ ಅಷ್ಟೆ. ಬೀಗದ ಕೈ ಒಪ್ಪಿಸಿದಳು, ಕನ್ನಡಕ ಒಪ್ಪಿಸಿದಳು, ನನ್ನ ಮದುವೆಯನ್ನು ಮಾತ್ರ ಒಳಗೇ ಇಟ್ಟುಕೊಂಡಳು. ಕೂತು ನೆನಪು ಮಾಡಿಕೊಂಡು ನಗುತ್ತಾಳೇನೋ ಎಂದುಕೊಂಡು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅದೇ ಹೊತ್ತಿಗೆ ಡಾಕ್ಟರ್ ಮೇದಿನಿ ಬಂದದ್ದು. ದೊಡ್ಡ ಪಟ್ಟಣದಿಂದ ಒಂದು ವ್ಯಾನು, ಇಬ್ಬರು ನರ್ಸುಗಳು, ಐಸು ತುಂಬಿದ ಡಬ್ಬ. ಛತ್ರದಲ್ಲಿ ಜನ ಸೇರಿಸಿ ವಿವರವಾಗಿ ಹೇಳಿದರು: ಇದು ವಯಸ್ಸಿನ ಮರೆವಲ್ಲ, ಆಲ್‌ಝೈಮರ್ ಅನ್ನುವ ಕಾಯಿಲೆ. ಹೊಸ ಮಾತ್ರೆ ಬಂದಿದೆ, ಇನ್ನೂ ಪರೀಕ್ಷೆಯಲ್ಲಿದೆ. ಕೆಲಸ ಮಾಡಬಹುದು, ಮಾಡದೆಯೂ ಇರಬಹುದು. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ನೋಡಲು ಹಾಗೇ ಇರುವ ಹುಸಿ ಮಾತ್ರೆ. ಯಾರಿಗೆ ಯಾವುದು ಎಂದು ಡಾಕ್ಟರಿಗೂ ಗೊತ್ತಿರುವುದಿಲ್ಲ.

"ಗೊತ್ತಿಲ್ಲದ ಮೇಲೆ ಕೊಡೋದ್ಯಾಕೆ ತಾಯಿ?" ಎಂದು ಬಸಪ್ಪಾಜಿ ಕೇಳಿದ.

"ಗೊತ್ತಿದ್ರೆ ನಮ್ಮ ಆಸೆಯೇ ಉತ್ತರ ಹೇಳಿಬಿಡತ್ತೆ ಬಸಪ್ಪಾಜಿ" ಅಂದರು ಡಾಕ್ಟರಮ್ಮ. ಹುಡುಗಿಗೆ ಬುದ್ಧಿ ಇದೆ ಅನ್ನಿಸಿತು.

ನಮ್ಮವರನ್ನು ಎದುರಿಗೆ ಕೂರಿಸಿಕೊಂಡು, ನಿಮಗೆ ಒಪ್ಪಿಗೆಯೇ ಎಂದು ಅವರನ್ನೇ ಕೇಳಿದರು. ಇವರು ನನ್ನ ಕಡೆ ಕೈ ತೋರಿಸಿ, "ಇವರು ಹೇಳಿದ ಹಾಗೆ" ಅಂದರು. ಇವರು ಯಾರು ಎಂದು ಡಾಕ್ಟರಮ್ಮ ಕೇಳಿದರು. ಬಹಳ ಯೋಚಿಸಿ, "ಒಳ್ಳೆಯವರು" ಅಂದರು. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮಾತ್ರೆ ಕೊಡಿ ಅಂದೆ. ಅವರ ಕಾಯಿಲೆ ವಾಸಿಯಾಗಲಿ ಎಂದು ಮನಸ್ಸಿನಲ್ಲಿ ಇದ್ದೇ ಇತ್ತು, ಆದರೆ ಸುಳ್ಳು ಯಾಕೆ ಹೇಳಲಿ, ಆ ಚೆನ್ನಾಜಮ್ಮನ ತಲೆಯಿಂದ ನನ್ನ ಮದುವೆಯನ್ನು ಕಿತ್ತು ತರಬೇಕು ಎನ್ನುವುದು ಅದಕ್ಕಿಂತ ಒಂದು ತೂಕ ಹೆಚ್ಚಾಗಿಯೇ ಇತ್ತು.

ಪರೀಕ್ಷೆಯ ಮೊದಲ ದಿನವೇ ರಾಮಾಯಣವಾಯಿತು. ಡಾಕ್ಟರಮ್ಮ ಪ್ರತಿಯೊಬ್ಬರಿಗೂ ಮೂರು ಮಾತು ಹೇಳಿಕೊಟ್ಟರು: ಬಾಳೆಹಣ್ಣು, ಗಡಿಯಾರ, ಕುರ್ಚಿ. ಸ್ವಲ್ಪ ಹೊತ್ತು ಬೇರೆ ಏನೇನೋ ಕೇಳಿ, ಆಮೇಲೆ ಆ ಮೂರನ್ನು ಹೇಳಿ ಅನ್ನುವುದು. ನಮ್ಮವರು, "ಯಾವ ಮೂರು?" ಎಂದು ನಕ್ಕರು. ಅದೇ ಗಳಿಗೆಗೆ ಮನೆಯಲ್ಲಿ ಹಿಟ್ಟು ನಾದುತ್ತಿದ್ದ ಚೆನ್ನಾಜಮ್ಮ, "ಬಾಳೆಹಣ್ಣು! ಗಡಿಯಾರ! ಕುರ್ಚಿ!" ಎಂದು ಬೀದಿಗೆ ಕೇಳುವಂತೆ ಕೂಗಿದಳಂತೆ. ಅವಳೊಬ್ಬಳೇ ಅಲ್ಲ. ಊಟದ ಹೊತ್ತಿಗೆ ಛತ್ರದ ಮುಂದೆ ಸಾಲು ನಿಂತಿತ್ತು, ಎಲ್ಲರೂ ಪರೀಕ್ಷೆಗೆ ಬಂದವರ ಬಲಗಡೆಯ ಮನೆಯವರು. "ನಮ್ಮ ಪಕ್ಕದ ಮನೆ ಸಿದ್ದೇಗೌಡ್ರ ಬಾಳೆಹಣ್ಣು ತಂದಿದ್ದೀನಿ ತಾಯಿ, ಒಪ್ಪಿಸ್ಕೊಳ್ಳಿ." "ಲಲಿತಮ್ಮನವರ ಕುರ್ಚಿ ಬಂದಿದೆ, ಗಡಿಯಾರ ಬಂದಿಲ್ಲ, ಅದು ಅವರಿಗೇ ಜ್ಞಾಪಕ ಇರಬೇಕು." ಯಾರೂ ತಪ್ಪು ಮಾಡುವ ಮನಸ್ಸಿನಿಂದ ಬಂದವರಲ್ಲ. ಕಂಡವರ ನೆನಪು ಮನೆಯಲ್ಲಿ ಇಟ್ಟುಕೊಂಡು ಊಟಕ್ಕೆ ಕೂರುವುದು ಹೇಗೆ? ಡಾಕ್ಟರಮ್ಮ ತಲೆಯ ಮೇಲೆ ಕೈ ಹೊತ್ತು ಕೂತರು. ಮುಂದಿನ ಸಲ ಬರುವಾಗ ಜಾಣೆ ಒಂದು ಅಚ್ಚು ಬೆಲ್ಲ ತಂದಿದ್ದರು.

ಇನ್ನು ಆ ಹುಸಿ ಮಾತ್ರೆಯ ಗುಟ್ಟು ನಮ್ಮೂರಿನಲ್ಲಿ ಎಷ್ಟು ದಿನ ನಿಲ್ಲಬೇಕು! ಯಾರ ಬಲಗಡೆಯ ಮನೆಯವರ ತಲೆ ಹಗುರವಾಗತೊಡಗಿತೋ ಅವರಿಗೆ ನಿಜವಾದ ಮಾತ್ರೆ. ಇಡೀ ಊರಿಗೆ ಗೊತ್ತಿತ್ತು. ಗೊತ್ತಿಲ್ಲದವರು ಡಾಕ್ಟರಮ್ಮ ಒಬ್ಬರೇ. ಯಾರಾದರೂ ಬಾಯಿ ತೆರೆದರೆ, "ದಮ್ಮಯ್ಯ, ನನಗೆ ಹೇಳಬೇಡಿ" ಎಂದು ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದರು.

ನಮ್ಮವರಿಗೆ ನಿಜವಾದದ್ದೇ ಬಂದಿತ್ತು. ನನಗೆ ಅದು ತಿಳಿದದ್ದು ಎಮ್ಮೆಯಿಂದ. ಹಿತ್ತಿಲಿನಲ್ಲಿ ಮಾತು ಕಡಿಮೆಯಾಯಿತು. ಬೀಗದ ಕೈಯನ್ನು ಇವರೇ ಗೂಟಕ್ಕೆ ತೂಗುಹಾಕಿ, ಇವರೇ ತೆಗೆದುಕೊಂಡರು. ಬಸಪ್ಪಾಜಿಯನ್ನು ಹೆಸರು ಹಿಡಿದು ಕರೆದರು. ಅವನು ಸಂತೋಷಕ್ಕೆ ಕಾಗದ ಕೊಡುವುದನ್ನೇ ಮರೆತು ಹೋದ, ಅದೂ ನನ್ನ ತಲೆಗೇ ಬಂತು. ಒಂದು ಬೆಳಿಗ್ಗೆ ನಾನು ಬೆನ್ನು ತಿರುಗಿಸಿ ಒಲೆಯ ಮುಂದೆ ಕೂತಿದ್ದೆ. "ನೀಲಾ, ಕುಡಿಯಕ್ಕೆ ನೀರು ಕೊಡು" ಅಂದರು. ಚೊಂಬು ಕೈ ಜಾರಿತು. ಅಡಿಗೆಮನೆಯೆಲ್ಲ ನೀರು. ನನ್ನ ಜನ್ಮದಲ್ಲಿ ಅಷ್ಟು ಸಂತೋಷ ಇನ್ನೊಂದು ಸಲ ಪಟ್ಟಿಲ್ಲ. ಗೋಡೆಯ ಕಡೆ ತಿರುಗಿ, ತಗೋ, ಬಂತು ನೋಡು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಆದರೆ ಹೆಸರು ಬಂತು, ಹೆಂಡತಿ ಎನ್ನುವುದು ಬಂತು, ಅಲ್ಲಿಗೇ ನಿಂತಿತು. "ನಾನು ಈ ಮನೆಗೆ ಹೇಗೆ ಬಂದೆ, ಹೇಳಿ ನೋಡೋಣ" ಎಂದು ಕೇಳಿದರೆ, "ನೀನು ಯಾವಾಗ್ಲೂ ಇಲ್ಲೇ ಇದ್ದೀಯಲ್ಲ" ಅನ್ನುತ್ತಿದ್ದರು. ನೋಡಲು ಬಂದದ್ದು, ಧಾರೆ ಎರೆದದ್ದು, ಹೊಸದರಲ್ಲಿ ಮುನಿಸಿಕೊಂಡದ್ದು, ಒಂದೂ ಇಲ್ಲ. ಹಾಗಿರುವಾಗಲೇ ಒಂದು ದಿನ ತಲೆ ಸುತ್ತಿ ಬಚ್ಚಲಿನಲ್ಲಿ ಬಿದ್ದರು. ಪಟ್ಟಣಕ್ಕೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿ, ಮಿದುಳಿನಲ್ಲಿ ಸ್ವಲ್ಪ ಊತ ಇದೆ, ಮಾತ್ರೆಯಿಂದ ಹೀಗಾಗುವುದುಂಟು ಅಂದರು. ಮಾತ್ರೆ ನಿಲ್ಲಿಸಿದರು, ಊತ ಇಳಿಯಿತು, ಮತ್ತೆ ಶುರು ಮಾಡಿದರು. ಬಂದದ್ದು ಹೋಗಲಿಲ್ಲ, ಹೋದದ್ದು ಬರಲಿಲ್ಲ.

ಪರೀಕ್ಷೆಯ ಗಡುವು ಮುಗಿದ ದಿನ ಡಾಕ್ಟರಮ್ಮ ನಮ್ಮ ಜಗಲಿಯ ಮೇಲೆ ಕೂತು ಬಿಚ್ಚಿ ಹೇಳಿದರು. "ಇದು ಮರೆವನ್ನ ನಿಧಾನ ಮಾಡತ್ತೆ ಅಮ್ಮ, ಹೋದದ್ದನ್ನೆಲ್ಲ ತರಲ್ಲ. ಇದೇ ಪ್ರಮಾಣದಲ್ಲಿ ಮುಂದುವರಿಸಬಹುದು. ಇನ್ನೊಂದು ಪರೀಕ್ಷೆ ಶುರುವಾಗ್ತಿದೆ, ಅದರಲ್ಲಿ ಜಾಸ್ತಿ ಪ್ರಮಾಣ ಕೊಡ್ತಾರೆ. ಇನ್ನಷ್ಟು ಬರಬಹುದು. ಆದರೆ ಊತ ಮತ್ತೆ ಬಂದ್ರೆ ಈಗ ಇರೋದೂ ಹೋಗಬಹುದು. ಯೋಚನೆ ಮಾಡಿ, ನಾಳೆ ಹೇಳಿ."

"ಯೋಚನೆ ಎಂಥದು? ಜಾಸ್ತಿದೇ ಕೊಡಿ" ಅಂದೆ.

ವ್ಯಾನು ತಿರುವು ದಾಟಿತ್ತೋ ಇಲ್ಲವೋ, ಬಾಗಿಲಲ್ಲಿ ನೆರಳು ಬಿತ್ತು. ಚೆನ್ನಾಜಮ್ಮ. ಹೊಸಿಲು ದಾಟಿ ನಡುಮನೆಗೇ ಬಂದು ನಿಂತಳು.

"ನೀಲಾ, ಬೇಡ ಕಣೇ" ಅಂದಳು.

"ಎಮ್ಮೆ ಇಲ್ಲಿಲ್ಲ. ಯಾರಿಗೆ ಹೇಳ್ತಿದ್ದೀಯ?" ಅಂದೆ ನಾನು.

"ನಿನಗೇ ಹೇಳ್ತಿರೋದು. ಅವತ್ತು ಬಚ್ಚಲಲ್ಲಿ ಬಿದ್ದ ಸದ್ದು ನನ್ನ ಗೋಡೆಗೂ ಕೇಳಿಸ್ತು. ಜಾಸ್ತಿ ಮಾತ್ರೆ ಬೇಡ. ಮನುಷ್ಯ ನಿನ್ನನ್ನ ಹೆಸರು ಹಿಡಿದು ಕರೀತಿದ್ದಾರೆ. ಅದನ್ನ ಕಳ್ಕೋಬೇಡ."

ನನಗೆ ರೇಗಿಹೋಯಿತು. "ಅವರ ಮೇಲಿನ ಕಾಳಜಿಯೋ, ನನ್ನ ಮದುವೆ ನಿನ್ನ ಕೈಬಿಟ್ಟು ಹೋಗತ್ತೆ ಅನ್ನೋ ಸಂಕಟವೋ? ಬೀಗದ ಕೈ ಒಪ್ಪಿಸ್ದೆ, ಕನ್ನಡಕ ಒಪ್ಪಿಸ್ದೆ, ಉಪ್ಪಿನ ಲೆಕ್ಕ ಒಪ್ಪಿಸ್ದೆ. ನನ್ನ ಸಂಸಾರ ಒಂದನ್ನ ಯಾಕೆ ಬಚ್ಚಿಟ್ಕೊಂಡೆ? ನಿನ್ನ ನಾಲಗೆಗೆ ಏನು ಬಂದಿತ್ತು?"

ಅವಳು ಕಂಬಕ್ಕೆ ಒರಗಿ ಕುಸಿದು ಕೂತಳು. ಮುಖ ಕೆಂಪಗಾಗಿತ್ತು. ಸಿಟ್ಟಿಗೆ ಎಂದುಕೊಂಡೆ, ನೋಡಿದರೆ ನಾಚಿಕೆ!

"ಎಮ್ಮೆ ಮುಂದೆ ಹೇಳೋ ಅಂಥದ್ದಾಗಿದ್ರೆ ಹೇಳ್ತಿರಲಿಲ್ವೇನೇ?" ಅಂದಳು. "ನೀನು ಹಿತ್ತಿಲಲ್ಲಿ ಕೂದಲು ಒಣಗಿಸ್ಕೊಳ್ತಾ ನಿಂತಿರ್ತೀಯ. ನಾನು ಹಾಲು ಕರೀತಾ ಕತ್ತೆತ್ತಿ ನೋಡ್ತೀನಿ. ನನ್ನ ಎದೆ ಝಲ್ ಅನ್ನತ್ತೆ. ನಿನ್ನ ಮುಖ ನೋಡಿ, ಈ ವಯಸ್ಸಲ್ಲಿ, ನನ್ನ ಎದೆ! ಅವರ ನೆನಪಿನ ಜೊತೆ ಅವರ ಆಸೆಯೂ ಬಂದು ಕೂತಿದೆ ಕಣೇ. ಎಷ್ಟು ಹಾಲು ಚೆಲ್ಲಿದ್ದೀನಿ ಗೊತ್ತಾ? ನೀನು ಬೈಯ್ತಿದ್ರೆ ಚೆಂದ ಕಾಣ್ತೀಯ. ಇವಳ ಮೇಲೆ ಸಿಟ್ಟು ಮಾಡ್ಕೋಬೇಕು, ಮಾಡ್ಕೋಬೇಕು ಅಂತ ಬೆಳಗಾದ್ರೆ ಪ್ರಯತ್ನ ಪಡ್ತೀನಿ, ಬರೋದೇ ಇಲ್ಲ. ಇಷ್ಟು ವರ್ಷದಿಂದ ಜೋಪಾನ ಮಾಡಿದ್ದ ನನ್ನ ಸಿಟ್ಟನ್ನ ನಿನ್ನ ಗಂಡ ತಿಂದುಹಾಕಿಬಿಟ್ರಲ್ಲೇ!"

ನಗಬೇಕೋ ಅಳಬೇಕೋ ತಿಳಿಯದೆ ನಾನೂ ಅಲ್ಲೇ ಕೂತೆ. ಇಷ್ಟು ಕಾಲ ಜೊತೆಗಿದ್ದ ಮನುಷ್ಯ ಒಂದು ದಿನವೂ ಇಂಥ ಮಾತು ಆಡಿದವರಲ್ಲ. ಬಹಳ ಪ್ರೀತಿ ಉಕ್ಕಿದರೆ, "ಸಾರು ಪರವಾಗಿಲ್ಲ" ಅನ್ನುವರು. ಒಳಗೆ ಇಷ್ಟೊಂದು ಇಟ್ಟುಕೊಂಡಿದ್ದರೆಂದು ನನಗೆ ತಿಳಿಯಬೇಕಾದರೆ ಅದು ಗೋಡೆ ದಾಟಿ ಹೋಗಿ, ಇವಳ ಬೊಚ್ಚುಬಾಯಿಯಿಂದ ವಾಪಸು ಬರಬೇಕಾಯಿತು.

"ಇನ್ನೇನಿದೆ, ಹೇಳು" ಅಂದೆ.

ಹೇಳಿದಳು. ಅವರು ನನ್ನನ್ನು ನೋಡಲು ಬಂದಾಗ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತವಳು ನಾನು ಮನೆ ಅದುರುವ ಹಾಗೆ ಸೀನಿದ್ದೆ. ಅವರ ಸೋದರಮಾವ, ಅಪಶಕುನ, ಏಳಿ ಎಂದು ಎದ್ದೇಬಿಟ್ಟಿದ್ದರು. "ಇಷ್ಟು ಸಣ್ಣ ಹುಡುಗಿ ಒಳಗೆ ಇಷ್ಟು ದೊಡ್ಡ ಸೀನು ಎಲ್ಲಿತ್ತು ಅಂತ ಅವರಿಗೆ ನಗು ತಡೆಯಕ್ಕಾಗ್ಲಿಲ್ಲ ಕಣೇ. ಮನೇಲಿ ಸದ್ದು ಇರಬೇಕು, ಇವಳೇ ಆಗಬೇಕು ಅಂದ್ಕೊಂಡ್ರು." ನಾನು ಸೀನಿದರೂ ಅವರು ಒಪ್ಪಿಕೊಂಡರಲ್ಲ ಎಂದು ನಾನು ಇಷ್ಟು ದಿನ ದೇವರಿಗೆ ಕೈಮುಗಿಯುತ್ತಿದ್ದೆ.

"ಹೋಳಿಗೆಯದು?" ಎಂದು ಕೇಳಿದೆ.

ಅವಳು ತಲೆ ತಗ್ಗಿಸಿದಳು. "ಅದು ಬೇಡ ಬಿಡು."

"ಹೇಳೇ."

"ಚಕ್ಕಳ. ಅವರಿಗೂ ಚಕ್ಕಳವೇ. ಆಮೇಲೆ ಎರಡು ದಿನ ದವಡೆಗೆ ಲವಂಗ ಇಟ್ಕೊಂಡು ತಿರುಗಿದ್ರು. ನೀನು ಬಾಗಿಲ ಹತ್ತಿರ ನಿಂತು ನೋಡ್ತಿದ್ದೆಯಂತೆ, ಕಣ್ಣಲ್ಲಿ ನೀರು ತುಂಬ್ಕೊಂಡು. ಅದಕ್ಕೇ ಇನ್ನೊಂದು, ಇನ್ನೊಂದು ಅಂತ ಹಾಕಿಸ್ಕೊಂಡು ತಿಂದ್ರು."

ಇಬ್ಬರೂ ಎಷ್ಟು ನಕ್ಕೆವೆಂದರೆ ಒಳಗೆ ಮಲಗಿದ್ದವರು ಎದ್ದು ಬಂದು ಯಾರ ಮದುವೆ ಎಂದು ಕೇಳಿದರು. ನಾನು ಬೆಲ್ಲದ ಡಬ್ಬ ತಂದು ಒಂದು ಉಂಡೆಯನ್ನು ಚೆನ್ನಾಜಮ್ಮನ ಅಂಗೈಯಲ್ಲೇ ಇಟ್ಟೆ. ಈ ಸಲ ಎಮ್ಮೆಗೆ ಹೋಗಲಿಲ್ಲ. ಬಾಯಿಗೆ ಹಾಕಿಕೊಂಡು ಮನೆಗೆ ಹೋಗುವವರೆಗೂ ಚೀಪಿದಳು.

ಮರುದಿನ ಡಾಕ್ಟರಮ್ಮನಿಗೆ ಜಾಸ್ತಿ ಪ್ರಮಾಣ ಬೇಡ, ಈಗಿನದೇ ಸಾಕು ಅಂದೆ. ನಿನ್ನೆ ಅಷ್ಟು ಹಟ ಮಾಡಿದಿರಲ್ಲ ಎಂದು ಕೇಳಿದರು. "ಇರೋದು ಇರಲಿ ತಾಯಿ. ಹೋದದ್ದು ದೂರ ಏನೂ ಹೋಗಿಲ್ಲ, ಪಕ್ಕದ ಮನೇಲಿದೆ" ಅಂದೆ. ಅವರು ನಿಟ್ಟುಸಿರು ಬಿಟ್ಟು ನನ್ನ ಕೈ ಹಿಡಿದುಕೊಂಡರು. ನಮ್ಮೂರಿನ ಫಲಿತಾಂಶ ದೊಡ್ಡ ಲೆಕ್ಕಕ್ಕೆ ಸೇರುವುದಿಲ್ಲವಂತೆ, ಮೇಲಿನವರು ನಂಬುವುದಿಲ್ಲವಂತೆ. ಮಾತ್ರೆ ಮಾತ್ರ ತಪ್ಪದೆ ಅಂಚೆಯಲ್ಲಿ ಬರುತ್ತಿದೆ. ಬಸಪ್ಪಾಜಿ ಅದನ್ನು ಎಲ್ಲಿ ಮರೆತಿಟ್ಟಿದ್ದಾನೆಂದು ನನಗೆ ಗೊತ್ತಾಗುವುದರಿಂದ ತೊಂದರೆಯಿಲ್ಲ.

ಈಗ ಸಂಜೆಯಾದರೆ ಚೆನ್ನಾಜಮ್ಮ ನಮ್ಮ ಜಗಲಿಗೆ ಬರುತ್ತಾಳೆ. ನಮ್ಮವರ ಎದುರು ಕೂತು, ಮುಖ ನೋಡಿಕೊಂಡೇ ಒಪ್ಪಿಸುತ್ತಾಳೆ. ಒಪ್ಪಿಸಿದ್ದು ರಾತ್ರಿಯೊಳಗೆ ಮತ್ತೆ ಅವಳ ಮನೆ ಸೇರುತ್ತದೆ. ಸೇರಲಿ, ನಾಳೆಯೂ ಸಂಜೆ ಇದ್ದೇ ಇದೆ. ನಿನ್ನೆ ಸೀನಿನ ಕಥೆಯೇ ಬೇಕೆಂದು ನಾನು ಹಟ ಮಾಡಿದೆ. ಅವಳು ಬಾಯಿ ತೆರೆದು ಅರ್ಧ ಹೇಳಿದ್ದಳು, ಅಷ್ಟರಲ್ಲೇ ನಮ್ಮವರು ಮಂಡಿ ತಟ್ಟಿಕೊಂಡು ನಕ್ಕರು.

"ಭೇಷ್! ಯಾರ ಮನೆ ಹುಡುಗಿ ಅದು? ಮದುವೆ ಆಗಿದೆಯಾ ಅವಳಿಗೆ?" ಎಂದು ಕೇಳಿದರು.

ಚೆನ್ನಾಜಮ್ಮ ನನ್ನ ಮುಖ ನೋಡಿದಳು.

"ಆಗಿದೆ" ಅಂದೆ ನಾನು. "ಗಂಡ ಸೋಡಾ ಮಾಡ್ತಾರೆ."

"ಪುಣ್ಯವಂತ" ಅಂದರು. ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಏನಾದರೂ ಹೊಳೆಯಿತೋ ಇಲ್ಲವೋ, ನಾನು ಕೇಳಲಿಲ್ಲ. ಎದ್ದು ಅಂಗಡಿಗೆ ಹೋಗಿ, ನಿಂಬೆ ಹಿಂಡಿ, ಉಪ್ಪು ಹಾಕಿ, ಸ್ವಲ್ಪ ನಿಂತು ಯೋಚಿಸಿ ಮತ್ತೆ ಉಪ್ಪು ಹಾಕಿ, ಹೆಬ್ಬೆರಳಿನಿಂದ ಗೋಲಿ ಒತ್ತಿದರು. ಬೀದಿಯಲ್ಲಿ ಹೋಗುತ್ತಿದ್ದ ಹಸು ತಿರುಗಿ ನೋಡಿತು. ಲೋಟ ತಂದು ನನ್ನ ಕೈಗೇ ಕೊಟ್ಟರು.

"ಅಯ್ಯೋ, ಉಪ್ಪು ಆಗಲೇ..." ಎಂದು ಚೆನ್ನಾಜಮ್ಮ ಬಾಯಿ ತೆಗೆದಳು. ನಾನು ಕಣ್ಣಲ್ಲೇ ಸುಮ್ಮನಿರಿಸಿದೆ.

ನಮ್ಮವರು ಎದುರಿಗೇ ನಿಂತು ನೋಡುತ್ತಿದ್ದರು. ನಾನು ಒಂದು ಹನಿಯೂ ಬಿಡದೆ ಕುಡಿದೆ. "ಹೇಗಿದೆ ನೀಲಾ?" ಎಂದು ಕೇಳಿದರು.

"ಇನ್ನೊಂದು ಕೊಡಿ" ಅಂದೆ.